ಊರಿಗೆ ಹೊರಡುವ ಮುನ್ನ



ಗಿಗಿರಿಗೆ ಬಂದ ನಮ್ಮಂಥವರು ಯಾರೂ ಇಲ್ಲೇ ಉಳಿಯಲೆಂದು ಬಂದವರಲ್ಲ. ವಿಶ್ವಸಂಸ್ಥೆಯ ಕಚೇರಿಯ, ರಾಯಭಾರ ಕಚೇರಿಗಳ ದೊಡ್ಡ ಸಾಹೇಬರು ಅವಧಿ ಮುಗಿದಾಗ ಸಾಮಾನು ಕಟ್ಟುತ್ತಾರೆ. ವರ್ಕ್ ಪರ್ಮಿಟ್ ಮುಗಿದಾಗ ನಾವೂ ಕಟ್ಟುತ್ತೇವೆ. ಟಿಕೆಟ್ ಕೈಗೆ ಬಂದ ದಿನವೇ ಮನಸ್ಸು ಮಂಗಳೂರನ್ನೋ ಕಲಬುರಗಿಯನ್ನೋ ಸೇರಿಬಿಡುತ್ತದೆ. ಮಕ್ಕಳಿಗೆ ಏನು ಒಯ್ಯಬೇಕು, ಲಗೇಜ್ ಎಷ್ಟು ಕಿಲೋ ಎಂಬುದೇ ಚಿಂತೆ. ಆದರೆ ಆಗ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಮತ್ತೆಂದೂ ಭೇಟಿಯಾಗದ ಜನರಿಗೆ ನಾವು ಕೊಡಬೇಕಾದದ್ದು ಏನಾದರೂ ಇದೆಯೇ?

ನಮ್ಮೂರಲ್ಲಿ ಹಜ್‌ಗೆ ಹೊರಡುವವರು ಮನೆಮನೆಗೆ ಹೋಗಿ ‘ಕಹಾ ಸುನಾ ಮಾಫ್ ಕರೋ’ ಎನ್ನುತ್ತಾರೆ. ಒಳ್ಳೆಯ ಪದ್ಧತಿ. ಇಲ್ಲಿಂದ ಹೊರಡುವಾಗಲೂ ಬಟ್ಟೆ ಒಗೆಯುವ ಮಾಮಾ ಫುವಾಗೆ, ಗೇಟಿನ ಅಸ್ಕಾರಿಗೆ ‘ಸಮಹಾನಿ’ ಎನ್ನುತ್ತೇವೆ. ಅವರು ನಕ್ಕು ‘ಕ್ವಾಹೇರಿ’ ಎನ್ನುತ್ತಾರೆ. ಅಲ್ಲಿಗೆ ಎಲ್ಲ ಮಾಫ್ ಆಯಿತೇ?

ಯೋಚಿಸಿ ನೋಡಿ. ಬಟ್ಟೆ ಒಗೆಯುವ ಆ ತಾಯಿಗೆ ಮೂರು ವಾರದ ಕೂಲಿ ಬಾಕಿ ಇದೆ ಎಂದಿಟ್ಟುಕೊಳ್ಳಿ. ನೀವು ಕ್ಷಮೆ ಕೇಳಿದಿರಿ. ‘ಇಲ್ಲ’ ಎನ್ನಲು ಆಕೆಗೆ ಸಾಧ್ಯವೇ? ನಿಮ್ಮ ರೂಮಿಗೆ ಬರುವ ಮುಂದಿನ ಹುಡುಗನ ಕೆಲಸವೂ ಆಕೆಗೆ ಬೇಕು. ಇಲ್ಲ ಎನ್ನಲಾಗದವರು ಹೂಂ ಎಂದರೆ ಅದು ಒಪ್ಪಿಗೆಯಲ್ಲ. ಧಣಿ ಎರಡು ತಿಂಗಳ ಸಂಬಳ ಹಿಡಿದಿಟ್ಟುಕೊಂಡು ‘ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದರೆ ಹೇಗಾಗುತ್ತದೆ ಎಂಬುದು ದುಡಿಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ದುಡ್ಡು, ಆಮೇಲೆ ಮಾಫಿ.

‘ಅವರೇನು ಕಡಿಮೆಯೇ? ಇಂಡಿಯಾದವನೆಂದು ಮಾರುಕಟ್ಟೆಯಲ್ಲಿ ಹೆಚ್ಚು ಕೇಳಲಿಲ್ಲವೇ? ಬೋಡಾದವನು ಚಿಲ್ಲರೆ ಕೊಡದೆ ಹೋಗಲಿಲ್ಲವೇ? ಅಲ್ಲಿಗಲ್ಲಿಗೆ ಸರಿಹೋಯಿತು’ ಎಂದು ಕೆಲವರು ಹೇಳುತ್ತಾರೆ. ನಾನು ಲೆಕ್ಕ ಬರೆಯುವವನು. ಒಬ್ಬ ವ್ಯಕ್ತಿ ನಮಗೆ ಕೊಡಬೇಕಾದದ್ದನ್ನು ನಾವು ಅದೇ ವ್ಯಕ್ತಿಗೆ ಕೊಡಬೇಕಾದದ್ದರಲ್ಲಿ ವಜಾ ಮಾಡಬಹುದು. ಬೋಡಾದವನ ಬಾಕಿಯನ್ನು ತರಕಾರಿಯವಳ ಖಾತೆಗೆ ಹಾಕಿದರೆ ಯಾವ ಆಡಿಟರೂ ಒಪ್ಪುವುದಿಲ್ಲ. ‘ಅವರು’ ಎಂಬ ಹೆಸರಿನ ಖಾತೆಯೇ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಖಾತೆ.

ಇದಕ್ಕೆ ನಮ್ಮ ಮುಂದಿರುವ ದೊಡ್ಡ ಉದಾಹರಣೆ ಹಿಜ್ರಾ. ಕ್ರಿ.ಶ. 622ರಲ್ಲಿ ಪ್ರವಾದಿಯವರು(ಸ) ಮಕ್ಕಾ ಬಿಟ್ಟು ಹೊರಟರು. ಅಲ್ಲಿನ ನಾಯಕರು ಅವರನ್ನು ಕೊಲ್ಲಲು ಸಂಚು ಹೂಡಿದ್ದರು. ಅದಕ್ಕೂ ಮೊದಲು ಬಹಿಷ್ಕಾರ ಹಾಕಿ ಹಸಿವಿನಲ್ಲಿಟ್ಟಿದ್ದರು. ಆದರೂ ಅದೇ ಊರಿನ ಜನ ತಮ್ಮ ಬೆಲೆಬಾಳುವ ವಸ್ತುಗಳನ್ನು ಪ್ರವಾದಿಯವರ(ಸ) ಬಳಿಯೇ ಅಮಾನತ್ ಇಟ್ಟಿದ್ದರು. ಅನುಭವಿಸಿದ ನಷ್ಟಕ್ಕೆ ಅದನ್ನು ವಜಾ ಮಾಡಿಕೊಳ್ಳಲಿಲ್ಲ. ಹಝ್ರತ್ ಅಲಿಯವರನ್ನು(ರ) ಹಿಂದೆ ಉಳಿಸಿದರು. ಅವರು ಮೂರು ದಿನ ಇದ್ದು, ಅವರವರ ವಸ್ತುವನ್ನು ಅವರವರಿಗೆ ಒಪ್ಪಿಸಿ, ಆಮೇಲೆ ಮದೀನಾದ ದಾರಿ ಹಿಡಿದರು. ಅಮಾನತ್ ಇಟ್ಟವರು ಮುಸ್ಲಿಮರಾಗಿರಲಿಲ್ಲ ಎಂಬುದನ್ನೂ ನೆನಪಿಡಿ. ಹಕ್ಕು ಕೇಳಲು ಧರ್ಮ ಒಂದೇ ಆಗಿರಬೇಕಿಲ್ಲ.

ನಮಗಾಗಿ ಹಿಂದೆ ಉಳಿಯಲು ಯಾರೂ ಇಲ್ಲ. ‘ಊರಿಗೆ ಹೋಗಿ ಕಳಿಸುತ್ತೇನೆ’ ಎಂದವರ ಇಲ್ಲಿನ ಸಿಮ್ ಅಲ್ಲಿ ಪೆಟ್ಟಿಗೆಯ ತಳ ಸೇರುತ್ತದೆ. ಆದ್ದರಿಂದ ಎಂ-ಪೆಸಾ ಕೈಯಲ್ಲಿರುವಾಗಲೇ, ಹೊರಡುವ ಎರಡು ವಾರ ಮೊದಲು, ಒಂದು ರಾತ್ರಿ ತರಾವೀಹ್ ಮುಗಿಸಿ ಕಾಗದ ಹಿಡಿದು ಕುಳಿತುಕೊಳ್ಳಿ. ದುಕಾದ ಉದ್ರಿ, ರೂಮಿನ ಗೆಳೆಯನ ಕೈಗಡ, ಕರೆಂಟ್ ಬಿಲ್ಲಿನ ಪಾಲು, ಎರವಲು ತಂದ ಡ್ರಿಲ್ ಮೆಷಿನ್ ಎಲ್ಲವನ್ನೂ ಹೆಸರು ಸಹಿತ ಬರೆಯಿರಿ.

ನಾಲ್ಕಾರು ಜನ ಸೇರಿ ತಿಂಗಳ ಸಂಬಳಕ್ಕೆ ಅಡುಗೆಯವರನ್ನು ಇಟ್ಟುಕೊಂಡಿದ್ದರೆ ನೀವೂ ಧಣಿಗಳೇ. ಕೆನ್ಯಾದ 2007ರ ಉದ್ಯೋಗ ಕಾಯ್ದೆಯಂತೆ ತಿಂಗಳ ಸಂಬಳದವರನ್ನು ಬಿಡಿಸಲು 28 ದಿನಗಳ ಲಿಖಿತ ನೋಟಿಸ್ ಕೊಡಬೇಕು, ಇಲ್ಲವೇ ಆ ದಿನಗಳ ಸಂಬಳ ಕೊಡಬೇಕು. ವರ್ಷಕ್ಕೆ ಕನಿಷ್ಠ 21 ಕೆಲಸದ ದಿನಗಳ ಸಂಬಳಸಹಿತ ರಜೆ ಅವರ ಹಕ್ಕು. ಯಾವಾಗಿನಿಂದ ಯಾವಾಗಿನವರೆಗೆ ಏನು ಕೆಲಸ ಮಾಡಿದರು ಎಂಬ ಪ್ರಮಾಣಪತ್ರವನ್ನೂ ಕೊಡಬೇಕು. ಅದಕ್ಕೆ ತಗಲುವುದು ಒಂದು ಹಾಳೆ ಮಾತ್ರ, ಆದರೆ ಅವರಿಗೆ ಇನ್ನೊಂದು ಮನೆಯ ಬಾಗಿಲು ತೆರೆಯುವುದು ಅದೇ. ಇದೇ ಕಾಯ್ದೆಯಡಿ ನಿಮ್ಮ ಧಣಿಯಿಂದ ನಿಮಗೆ ಬರಬೇಕಾದದ್ದನ್ನೂ ಕೇಳಿ ಪಡೆಯಿರಿ. ಹಕ್ಕು ಕೇಳಿದರೆ ಸಬ್ರ್‌ಗೆ ಕುಂದಿಲ್ಲ.

ಹುಡುಕಿಯೂ ಸಿಗದವರ ಹಣವನ್ನು ಅವರ ಪರವಾಗಿ ಸದಕಾ ಮಾಡಿ ಎಂದು ಉಲಮಾಗಳು ಹೇಳುತ್ತಾರೆ. ಇನ್ನು ಬಂದ ಹೊಸತರಲ್ಲಿ ಮಟಾಟು ಹತ್ತಿಸಿದವರು, ಜ್ವರ ಬಂದಾಗ ಕ್ಲಿನಿಕ್‌ಗೆ ಕರೆದೊಯ್ದವರು ಇದ್ದಾರೆ. ಅವರ ಋಣಕ್ಕೆ ಶಿಲ್ಲಿಂಗ್‌ನಲ್ಲಿ ಬೆಲೆ ಕಟ್ಟಲಾಗದು. ಅವರನ್ನು ಕಂಡು ಬಾಯಿ ಬಿಟ್ಟು ಉಪಕಾರ ಸ್ಮರಿಸಿ, ದುಆದಲ್ಲಿ ಸೇರಿಸಿಕೊಳ್ಳಿ.

ಕ್ವಾಹೇರಿ ಎಂಬ ಮಾತಿನಲ್ಲಿರುವ ‘ಹೇರಿ’ ನಮ್ಮ ‘ಖೈರ್’ ಶಬ್ದವೇ. ಬಾಕಿ ತೀರಿಸಿದ ಮೇಲೆ ಅದನ್ನು ಕೇಳಿಸಿಕೊಂಡು ಹೊರಡಿ. ಅಲ್ಲಾಹನು ನಮ್ಮ ಉಪವಾಸಗಳನ್ನು ಸ್ವೀಕರಿಸಲಿ, ಹೆಗಲ ಮೇಲೆ ಯಾರ ಹಕ್ಕೂ ಇಲ್ಲದಂತೆ ನಮ್ಮನ್ನು ಊರು ಸೇರಿಸಲಿ. ಆಮೀನ್.