ದೂರು ಕೊಟ್ಟವರಿಗೆ ಯಾರು ದಿಕ್ಕು?

1935ರ ಏಪ್ರಿಲ್ 7ರಂದು ಬಾಲ್ಟಿಕ್ ಕಡಲ ದಂಡೆಯ ಡಾನ್ಜಿಗ್‌ನಲ್ಲಿ ನಡೆದ ಚುನಾವಣೆಯನ್ನು ನಾಜಿ ಪಕ್ಷ ಗೆದ್ದೂ ಸೋತಿತು. ಆಡಳಿತ ಎರಡು ವರ್ಷಗಳಿಂದ ಅದರ ಕೈಯಲ್ಲೇ ಇತ್ತು. ಪೊಲೀಸರು ಅದರ ಮಾತು ಕೇಳುತ್ತಿದ್ದರು. ಪ್ರಚಾರಕ್ಕೆ ಬರ್ಲಿನ್ನಿನಿಂದ ಗೋರಿಂಗ್, ಗೋಬೆಲ್ಸ್, ಹೆಸ್‌ರಂಥ ಘಟಾನುಘಟಿಗಳೇ ಬಂದಿಳಿದಿದ್ದರು. ವಿರೋಧ ಪಕ್ಷಗಳ ಸಭೆಗಳ ಮೇಲೆ ದಾಳಿ ನಡೆದಿತ್ತು, ಪತ್ರಿಕೆಗಳಿಗೆ ಬಾಯಿಬೀಗ ಬಿದ್ದಿತ್ತು. ಇಷ್ಟಾದರೂ ಪಕ್ಷಕ್ಕೆ ಬಂದದ್ದು ಶೇ 59ರಷ್ಟು ಮತ. 72 ಸ್ಥಾನಗಳ ಶಾಸನಸಭೆಯಲ್ಲಿ 43 ಸ್ಥಾನ. ಸಂವಿಧಾನ ಬದಲಿಸಲು ಬೇಕಿದ್ದದ್ದು 48.

ಆ ಐದು ಸ್ಥಾನಗಳ ಕೊರತೆಗೆ ಅಷ್ಟೊಂದು ಬೆಲೆ ಬಂದದ್ದು ಏಕೆಂದರೆ ಡಾನ್ಜಿಗ್‌ನ ಸಂವಿಧಾನಕ್ಕೆ ಹೊರಗಿನವರ ಜಾಮೀನಿತ್ತು. ಮೊದಲ ಮಹಾಯುದ್ಧದ ನಂತರ ಪೋಲೆಂಡಿಗೆ ಕಡಲಿನ ದಾರಿ ಬೇಕಿತ್ತು. ಆ ದಾರಿಯ ಬಾಗಿಲಲ್ಲಿ ನಿಂತಿದ್ದ ಡಾನ್ಜಿಗ್‌ನ ಜನರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿ ಜರ್ಮನ್ ಮಾತಾಡುವವರು. ವರ್ಸೇಲ್ಸ್ ಒಪ್ಪಂದ ಊರನ್ನು ಪೋಲೆಂಡ್, ಜರ್ಮನಿ ಇಬ್ಬರಿಗೂ ಕೊಡಲಿಲ್ಲ; 1920ರ ನವೆಂಬರಿನಲ್ಲಿ ಅದು ‘ಮುಕ್ತ ನಗರ’ವಾಯಿತು. ಎರಡು ಸಾವಿರ ಚದರ ಕಿಲೋಮೀಟರಿಗೂ ತುಸು ಕಡಿಮೆ ನೆಲ, ಮೂರೂವರೆ ಲಕ್ಷ ದಾಟಿದ ಜನ, ಸ್ವಂತ ಸೆನೆಟ್, ಸ್ವಂತ ನಾಣ್ಯ. ವಿದೇಶ ವ್ಯವಹಾರ ಪೋಲೆಂಡಿನ ಪಾಲು. ಸಂವಿಧಾನದ ರಕ್ಷಣೆ ಜಿನೀವಾದ ಲೀಗ್ ಆಫ್ ನೇಷನ್ಸ್ ಹೊಣೆ. ಲೀಗ್ ಒಪ್ಪದೆ ಸಂವಿಧಾನದ ತಿದ್ದುಪಡಿ ಜಾರಿಗೆ ಬರುವಂತಿರಲಿಲ್ಲ. ಊರಿನಲ್ಲಿ ಕಣ್ಣಿಡಲು ಲೀಗಿನ ಒಬ್ಬ ಹೈಕಮಿಷನರ್ ಇರುತ್ತಿದ್ದರು.

ಇಂಥ ಊರು ನಾಲ್ಕೇ ವರ್ಷಗಳಲ್ಲಿ ಏಕಪಕ್ಷದ ಪಾಲಾಯಿತು. ಸೈನ್ಯ ನುಗ್ಗಲಿಲ್ಲ, ದಂಗೆ ಏಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವಂತೆಯೂ ಇಲ್ಲ; ಬೇಲಿ ನಿಂತಲ್ಲೇ ನಿಂತಿತ್ತು, ದನಗಳು ತೆರೆದ ಗೇಟಿನಿಂದಲೇ ಒಳಬಂದವು. 1933ರ ಮೇ 28ರ ಚುನಾವಣೆಯಲ್ಲಿ ನಾಜಿಗಳಿಗೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮತ, 38 ಸ್ಥಾನ ದಕ್ಕಿದವು. ಹರ್ಮನ್ ರೌಷ್ನಿಂಗ್ ಸೆನೆಟ್ ಅಧ್ಯಕ್ಷರಾದರು. ನಾಲ್ಕೇ ದಿನದಲ್ಲಿ, ಜೂನ್ 24ರಂದು, ಶಾಸನಸಭೆಯನ್ನು ಕೇಳದೆ ಸುಗ್ರೀವಾಜ್ಞೆಗಳ ಮೂಲಕವೇ ಆಳುವ ಅಧಿಕಾರವನ್ನು ಸೆನೆಟ್ಟಿಗೆ ಕೊಡುವ ಕಾಯ್ದೆ ಪಾಸಾಯಿತು. ಅದಕ್ಕೆ ಬೇಕಾದ ಬಹುಮತ ತುಂಬಿಕೊಟ್ಟವರಲ್ಲಿ ಕ್ಯಾಥೊಲಿಕ್ ಸೆಂಟರ್ ಪಕ್ಷವೂ ಇತ್ತು. ಸಂವಿಧಾನದ ಒಂದು ಸಾಲೂ ಅಳಿಸಿಹೋಗಲಿಲ್ಲವಾದ್ದರಿಂದ ಜಿನೀವಾ ತಕರಾರು ಎತ್ತಲು ಎಡೆಯೂ ಇರಲಿಲ್ಲ.

ಹಾಗಾದರೆ ಲೀಗ್ ಕೊಟ್ಟ ರಕ್ಷಣೆ ಎಂಥದು? ಅದರ ಮುಖ್ಯ ಅಂಗವೇ ದೂರಿನ ಹಕ್ಕು. ಸಂವಿಧಾನಕ್ಕೆ ಧಕ್ಕೆಯಾಯಿತೆಂದು ಕಂಡವರು ಹೈಕಮಿಷನರಿಗೆ ಅರ್ಜಿ ಕೊಡಬಹುದಿತ್ತು. ಅರ್ಜಿಗೆ ಸೆನೆಟ್ಟಿನ ಸಮಜಾಯಿಷಿ ಕೇಳಿ ಎರಡನ್ನೂ ಜಿನೀವಾಕ್ಕೆ ಕಳಿಸುವುದು ಪದ್ಧತಿ. ಅಂದರೆ ದೂರು ಯಾರ ಮೇಲೋ ಅವರ ಮೇಜಿನ ಮೇಲೇ ದೂರಿದವರ ಹೆಸರು ಬೀಳುತ್ತಿತ್ತು. ಈ ಪದ್ಧತಿ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಪೋಲೆಂಡಿಗೂ ಡಾನ್ಜಿಗ್‌ಗೂ ಬಂದರಿನ ಸುಂಕ, ರೈಲು, ಅಂಚೆಯ ಬಗ್ಗೆ ಏಳುವ ಜಗಳಗಳು. ಊರಿನ ಸರಕಾರ ತನ್ನದೇ ಪ್ರಜೆಗಳ ಮೇಲೆ ತಿರುಗಿಬಿದ್ದೀತು, ದೂರು ಕೊಟ್ಟವರು ಮರುದಿನವೂ ಅದೇ ಬೀದಿಯಲ್ಲಿ ಬದುಕಬೇಕಾದೀತು ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಈ ದಾರಿ ಪೂರ್ತಿ ಫಲ ಕೊಟ್ಟ ಒಂದು ಪ್ರಸಂಗವಿದೆ. 1935ರ ಆಗಸ್ಟಿನಲ್ಲಿ ಸೆನೆಟ್ ದಂಡಸಂಹಿತೆ ಬದಲಿಸಿತು. ಕಾನೂನಿನಲ್ಲಿ ಹೆಸರಿಸದ ಕೃತ್ಯಕ್ಕೂ ‘ಜನರ ಆರೋಗ್ಯಕರ ಭಾವನೆ’ಯನ್ನು ಆಧಾರವಾಗಿಟ್ಟು ಶಿಕ್ಷೆ ಕೊಡಲು ನ್ಯಾಯಾಧೀಶರಿಗೆ ಅವಕಾಶವಾಯಿತು. ಸೋಷಿಯಲ್ ಡೆಮೊಕ್ರಾಟರು, ಸೆಂಟರ್ ಪಕ್ಷ, ಜರ್ಮನ್ ನ್ಯಾಷನಲ್ ಪಕ್ಷ, ಒಬ್ಬರ ಮುಖ ಒಬ್ಬರಿಗಾಗದ ಮೂವರೂ ಸೇರಿ ದೂರು ಕೊಟ್ಟರು. ವಿಷಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಈ ಆಜ್ಞೆಗಳು ಸಂವಿಧಾನಕ್ಕೆ ವಿರುದ್ಧವೆಂದು ಡಿಸೆಂಬರ್ 4ರಂದು ಒಂಬತ್ತು ನ್ಯಾಯಾಧೀಶರು ಅಭಿಪ್ರಾಯಪಟ್ಟರು; ಮೂವರು ಒಪ್ಪಲಿಲ್ಲ. 1936ರ ಆರಂಭದಲ್ಲಿ ಸೆನೆಟ್ ಆಜ್ಞೆಗಳನ್ನು ಹಿಂತೆಗೆದುಕೊಂಡಿತು. ಕಾಗದದ ಮೇಲೆ ಇದು ಸಂಪೂರ್ಣ ಜಯ. ಆದರೆ ಅರ್ಜಿ ಹಾಕಿದ ಸೋಷಿಯಲ್ ಡೆಮೊಕ್ರಾಟರ ಪಕ್ಷ ಅದೇ ವರ್ಷದ ಅಕ್ಟೋಬರಿನಲ್ಲಿ ನಿಷೇಧಕ್ಕೊಳಗಾಯಿತು. 1937 ಮುಗಿಯುವುದರೊಳಗೆ ಉಳಿದೆರಡು ಪಕ್ಷಗಳೂ ಇಲ್ಲವಾದವು. ಮೊಕದ್ದಮೆ ಗೆದ್ದವರೇ ಒಬ್ಬೊಬ್ಬರಾಗಿ ಮರೆಯಾದರು.

ಲೀಗಿನ ಕಡೆಯಿಂದ ದೂರುದಾರರ ಪರ ನಿಂತವರೂ ಸುಖವಾಗಿರಲಿಲ್ಲ. 1934ರಲ್ಲಿ ಹೈಕಮಿಷನರ್ ಆಗಿ ಬಂದ ಐರ್ಲೆಂಡಿನ ಷಾನ್ ಲೆಸ್ಟರ್ ತಮ್ಮ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡವರು. 1936ರ ಜೂನಿನಲ್ಲಿ ಜರ್ಮನಿಯ ‘ಲೈಪ್‌ಜಿಗ್’ ಎಂಬ ಯುದ್ಧನೌಕೆ ಬಂದರಿಗೆ ಬಂತು. ಅದರ ಕಮಾಂಡರ್ ರೂಢಿಯಂತೆ ಹೈಕಮಿಷನರನ್ನು ಕಾಣಬೇಕಿತ್ತು, ಕಾಣಲಿಲ್ಲ. ಹಿಂದಿನ ವರ್ಷ ಇಂಥದೇ ಭೇಟಿಯ ಸತ್ಕಾರಕೂಟಕ್ಕೆ ಲೆಸ್ಟರ್ ವಿರೋಧ ಪಕ್ಷದವರನ್ನೂ ಕರೆದಿದ್ದರೆಂಬುದು ನೆಪ. ರೌಷ್ನಿಂಗ್ ನಂತರ ಸೆನೆಟ್ ಅಧ್ಯಕ್ಷನಾಗಿದ್ದ ಆರ್ಥರ್ ಗ್ರೈಸರ್ ಜುಲೈ 4ರಂದು ಜಿನೀವಾಕ್ಕೇ ಹೋಗಿ, ಲೀಗಿನ ಕೌನ್ಸಿಲ್ ಸಭೆಯಲ್ಲಿ ಲೆಸ್ಟರ್ ಮೇಲೆ ಹರಿಹಾಯ್ದ. ಹೊರಡುವಾಗ ನಾಜಿ ಸಲಾಮು ಹೊಡೆದ. ಪತ್ರಕರ್ತರು ನಕ್ಕಾಗ ಮೂಗಿಗೆ ಹೆಬ್ಬೆರಳಿಟ್ಟು ಬೆರಳಾಡಿಸಿ ಅಣಕಿಸಿದ. ಕೌನ್ಸಿಲ್ ಕೊಟ್ಟ ಉತ್ತರ ಡಾನ್ಜಿಗ್ ವಿಚಾರಕ್ಕೊಂದು ಮೂವರ ಸಮಿತಿ ಮತ್ತು ಲೆಸ್ಟರರಿಗೆ ಬಡ್ತಿ. ಲೀಗಿನ ಉಪ ಮಹಾಕಾರ್ಯದರ್ಶಿಯಾಗಿ ಅವರು ಊರು ಬಿಟ್ಟರು. ದೂರು ಕೊಟ್ಟವರಿಗೆ ಅಂಥ ಬಡ್ತಿ ಇರಲಿಲ್ಲ.

ಸೈನ್ಯವಿಲ್ಲದ ಸಂಸ್ಥೆ ಇನ್ನೇನು ತಾನೇ ಮಾಡೀತು ಎಂದು ಲೀಗಿನ ಪರ ವಾದಿಸುವವರಿದ್ದಾರೆ. ಇದನ್ನು ಪೂರ್ತಿ ಒಪ್ಪಲಾಗದು. 1934ರ ಡಿಸೆಂಬರಿನಲ್ಲಿ, ಸಾರ್ ಪ್ರಾಂತದ ಜನಮತಗಣನೆಗೆಂದು ಬ್ರಿಟನ್, ಇಟಲಿ, ಸ್ವೀಡನ್, ನೆದರ್ಲೆಂಡ್ಸ್‌ಗಳ ಸುಮಾರು 3,300 ಸೈನಿಕರನ್ನು ಇದೇ ಲೀಗ್ ಕಳಿಸಿತ್ತು. ಮುಂದಿನ ತಿಂಗಳ ಮತದಾನ ಶಾಂತವಾಗಿ ನಡೆಯಿತು. ಅಲ್ಲಿನ ಜನ ನೂರಕ್ಕೆ ತೊಂಬತ್ತರಷ್ಟು ಜರ್ಮನಿಯನ್ನೇ ಆರಿಸಿಕೊಂಡದ್ದು ಬೇರೆ ಮಾತು. ಸಾರ್‌ನಲ್ಲಿ ಆಡಳಿತ ಲೀಗಿನ ಕೈಯಲ್ಲೇ ಇತ್ತು, ಜರ್ಮನಿಯೂ ಅಡ್ಡ ಬರಲಿಲ್ಲ. ಡಾನ್ಜಿಗ್ ಹಾಗಿರಲಿಲ್ಲ, ನಿಜ. ಆದರೂ ದಂಡು ಕಳಿಸುವುದು ಲೀಗಿಗೆ ಗೊತ್ತೇ ಇಲ್ಲದ ವಿದ್ಯೆಯಾಗಿರಲಿಲ್ಲ. ಡಾನ್ಜಿಗ್ ವಿಷಯದಲ್ಲಿ ಕಷ್ಟ ಬೇಕಿದ್ದವರು ಯಾರೂ ಇರಲಿಲ್ಲ. 1934ರ ಜನವರಿಯಲ್ಲಿ ಹಿಟ್ಲರನೊಂದಿಗೆ ಹತ್ತು ವರ್ಷದ ಶಾಂತಿ ಘೋಷಣೆಗೆ ಸಹಿ ಹಾಕಿದ್ದ ಪೋಲೆಂಡಿಗೆ ತನ್ನ ಬಂದರಿನ ಹಕ್ಕುಗಳು ಭದ್ರವಾಗಿದ್ದರೆ ಸಾಕಿತ್ತು. ಸೆನೆಟ್ ತನ್ನ ಜನರನ್ನು ಹೇಗೆ ನಡೆಸಿಕೊಂಡರೂ ಅದು ಊರಿನ ಒಳಮಾತು. ಪೋಲೆಂಡೇ ಸುಮ್ಮನಿರುವಾಗ ಬ್ರಿಟನ್, ಫ್ರಾನ್ಸ್‌ಗಳಿಗೂ ಉಸಾಬರಿ ಬೇಡವಾಗಿತ್ತು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ವಾದವಿದೆ. ಊರಿನ ಬಹುಪಾಲು ಜನರೇ ನಾಜಿಗಳನ್ನು ಬಯಸಿದಾಗ ಹೊರಗಿನವರು ಯಾವ ಅಧಿಕಾರದಿಂದ ಬೇಡವೆನ್ನಬೇಕು? ಆದರೆ ಡಾನ್ಜಿಗ್‌ನ ಸಂವಿಧಾನ ಈ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಿತ್ತು. ಸರಕಾರ ಬದಲಿಸಲು ಬಹುಮತ ಸಾಕು, ಆಟದ ನಿಯಮ ಬದಲಿಸಲು ಸಾಲದು. ಭಯ ತುಂಬಿದ 1935ರಲ್ಲೂ ನೂರಕ್ಕೆ ನಲವತ್ತು ಮಂದಿ ಬೇರೆ ಪಕ್ಷಗಳಿಗೆ ಮತ ಹಾಕಿದರು. ಜಾಮೀನು ಇದ್ದದ್ದೇ ಇವರಿಗಾಗಿ. ಗೆದ್ದವರಿಗೆ ಜಿನೀವಾದ ಹಂಗಿರಲಿಲ್ಲ. ಕೊನೆಗೆ ಬೆದರಿಕೆಯಿಂದ, ಪಕ್ಷಗಳ ವಿಸರ್ಜನೆಯಿಂದ, ಪಕ್ಷಾಂತರದಿಂದ ಮೂರನೇ ಎರಡರಷ್ಟು ಬಲ ಸೇರಿಸಿಕೊಂಡದ್ದನ್ನು ಜನರ ಬಯಕೆ ಎನ್ನುವುದು ಹೇಗೆ?

ಹಾಗೆಂದು ಈ ರಕ್ಷಣೆಯಿಂದ ಏನೂ ಆಗಲಿಲ್ಲ ಎನ್ನುವುದೂ ತಪ್ಪು. ಜರ್ಮನಿಯಲ್ಲಿ ಆರು ತಿಂಗಳೊಳಗೆ ಮುಗಿದ ಕೆಲಸಕ್ಕೆ ಇಲ್ಲಿ ನಾಲ್ಕು ವರ್ಷ ಹಿಡಿಯಿತು. 1930ರ ದಶಕದ ಆರಂಭದಲ್ಲಿ ಸುಮಾರು ಹತ್ತು ಸಾವಿರದಷ್ಟಿದ್ದ ಯಹೂದಿಗಳಲ್ಲಿ ಹೆಚ್ಚಿನವರು ಯುದ್ಧಕ್ಕೆ ಮುಂಚೆ ಊರು ಬಿಟ್ಟಿದ್ದರು. ಅಲ್ಲಿನ ದೊಡ್ಡ ಸಿನಗಾಗ್ ಅನ್ನು ಸಮುದಾಯ ಮಾರಲೇಬೇಕಾಯಿತು, 1939ರಲ್ಲಿ ಅದು ನೆಲಸಮವಾಯಿತು. ಪೂಜಾಸಾಮಗ್ರಿ ಮಾತ್ರ ಹಡಗೇರಿ ನ್ಯೂಯಾರ್ಕ್ ಸೇರಿತು. ತಡವಾಗುವುದು ಕೂಡ ಪ್ರಾಣ ಉಳಿಸುತ್ತದೆ. ಆದರೆ ಆ ಕಾಲಾವಕಾಶವನ್ನು ದುಡಿದು ತಂದವರು ಲೀಗಿನ ಕೌನ್ಸಿಲ್ ಸದಸ್ಯರಲ್ಲ. ಪತ್ರಿಕೆ ಜಪ್ತಿಯಾದರೂ ಮತ್ತೆ ಅಚ್ಚು ಹಾಕಿದ ಸಂಪಾದಕರು, ಏಟು ತಿಂದೂ ಅರ್ಜಿಗೆ ಸಹಿ ಹಾಕಿದ ಶಾಸಕರು ಅದನ್ನು ತಂದರು.

ಲೆಸ್ಟರ್ ಜಾಗಕ್ಕೆ 1937ರಲ್ಲಿ ಬಂದ ಸ್ವಿಸ್ ಇತಿಹಾಸಕಾರ ಕಾರ್ಲ್ ಬುರ್ಕ್‌ಹಾರ್ಟ್ ಊರಿನ ಒಳಮಾತಿಗೆ ತಲೆಹಾಕದಿರುವ ನಿರೀಕ್ಷೆಯೊಂದಿಗೇ ನೇಮಕವಾದವರು. ಅದೇ ವರ್ಷದ ಮೇನಲ್ಲಿ ಹಾನ್ಸ್ ವೀಖ್‌ಮನ್ ಎಂಬ ಸೋಷಿಯಲ್ ಡೆಮೊಕ್ರಾಟ್ ಶಾಸಕರು ಅವರನ್ನು ಕಂಡು ಹೊರಬಂದವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಹೈಕಮಿಷನರ್ ಕಚೇರಿ, ಅದರ ಬಾಗಿಲು, ದೂರು ಹೇಳುವ ಹಕ್ಕು ಎಲ್ಲವೂ ಆ ದಿನವೂ ಸಂವಿಧಾನಬದ್ಧವಾಗಿಯೇ ಇದ್ದವು.

1939ರ ಸೆಪ್ಟೆಂಬರ್ 1ರ ನಸುಕಿನಲ್ಲಿ ‘ಶ್ಲೆಸ್ವಿಗ್-ಹೋಲ್‌ಸ್ಟೈನ್’ ಯುದ್ಧನೌಕೆ ಬಂದರಿನ ಪೋಲಿಷ್ ನೆಲೆಯಾದ ವೆಸ್ಟರ್‌ಪ್ಲಾಟೆಯ ಮೇಲೆ ಗುಂಡು ಹಾರಿಸಿದಲ್ಲಿಂದ ಡಾನ್ಜಿಗ್‌ನ ಕತೆ ಆರಂಭಿಸುವುದು ವಾಡಿಕೆ. ಆ ವಾಡಿಕೆ ಜಾಮೀನುದಾರರಿಗೆ ತುಂಬ ಅನುಕೂಲ. ಹಿಟ್ಲರನ ಸೈನ್ಯದೆದುರು ಜಿನೀವಾದ ಗುಮಾಸ್ತರು ಏನು ಮಾಡಬಲ್ಲರೆಂದು ಎಲ್ಲರೂ ತಲೆಯಾಡಿಸಬಹುದು. 1933ರಿಂದ 1937ರವರೆಗಿನ ವರ್ಷಗಳನ್ನು ಲೆಕ್ಕಕ್ಕೆ ಹಿಡಿದರೆ ಆ ಸಬೂಬು ನಿಲ್ಲದು. ಆಗ ಎದುರಿಗಿದ್ದದ್ದು ಸೈನ್ಯವಲ್ಲ. ಲೀಗಿನ ಕಡತಗಳಲ್ಲಿ ಸಹಿಸಮೇತ ದಾಖಲಾಗಿದ್ದ ಅರ್ಜಿಗಳು, ಆ ಅರ್ಜಿ ಹಾಕಿದವರನ್ನು ಒಬ್ಬೊಬ್ಬರಾಗಿ ಹಿಡಿಯುತ್ತಿದ್ದ ಒಂದು ಊರಿನ ಪೊಲೀಸರು.