ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ

ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮ ಕನ್ನಡ ಕೂಟದ ಒಂದಿಷ್ಟು ಮನೆಯವರು ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಪಶ್ಚಿಮಕ್ಕೆ ಹೊರಡುತ್ತಾರೆ. ಊರಿಂದ ಬಂದ ಹಿರಿಯರಿಗೆ ಯೆಲ್ಲೋಸ್ಟೋನ್ ತೋರಿಸಬೇಕು, ಅವರಿಗೆ ಹೊರಗಿನ ಊಟ ಒಗ್ಗುವುದಿಲ್ಲ, ಮಕ್ಕಳಿಗೆ ಡ್ರೈವರ್ ತಲೆಯ ಮೇಲಿನ ಬಂಕಿನಲ್ಲಿ ಮಲಗುವ ಆಸೆ. ಹೊರಡುವ ಮುನ್ನಾದಿನ ಅಡುಗೆಮನೆಯಲ್ಲಿ ಸಣ್ಣ ಮದುವೆಯ ಗಡಿಬಿಡಿ. ದೋಸೆ ಹಿಟ್ಟು, ಹೆಪ್ಪು ಹಾಕಿದ ಮೊಸರು, ತುರಿದ ಕಾಯಿ, ಬಿಡಿಸಿಟ್ಟ ಕೊತ್ತಂಬರಿ ಸೊಪ್ಪು, ಡಬ್ಬಿಗಟ್ಟಲೆ ಗೊಜ್ಜು. ಸೌತ್ ಡಕೋಟದ ಹೆದ್ದಾರಿಯಲ್ಲಿ ಇವು ಸಿಕ್ಕಾವು ಎಂದು ಯಾರೂ ನಂಬಿ ಹೊರಡುವುದಿಲ್ಲ. ನಂಬುವುದು ಗಾಡಿಯೊಳಗಿನ ಸಣ್ಣ ಫ್ರಿಜ್ಜನ್ನು. ಅದು ಕೈಕೊಟ್ಟರೆ ಇಡೀ ಪ್ರವಾಸದ ಲೆಕ್ಕಾಚಾರವೇ ತಲೆಕೆಳಗು.

ಹಾಗೆ ಕೈಕೊಟ್ಟಾಗ ಬಹಳ ಮಂದಿ ಎರಡರಲ್ಲಿ ಒಂದು ಮಾಡುತ್ತಾರೆ. ಐಸ್ ಚೀಲ ತಂದು ತುಂಬಿ ಹೇಗೋ ದಿನ ದೂಡುತ್ತಾರೆ, ಇಲ್ಲವೇ ಸ್ವಂತ ಗಾಡಿಯಾದರೆ ದೊಡ್ಡ ಮೊತ್ತ ತೆತ್ತು ಫ್ರಿಜ್ಜನ್ನೇ ಬದಲಿಸುತ್ತಾರೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಆ ಯಂತ್ರ ಏನು ಮಾಡುತ್ತದೆ ಎಂದು ತಿಳಿದುಕೊಂಡು, ಸರಿಯಿರುವುದನ್ನು ಒಂದೊಂದಾಗಿ ಬದಿಗಿಟ್ಟು, ಉಳಿದದ್ದರಲ್ಲಿ ದೋಷ ಹುಡುಕುವುದು. ಆ ದಾರಿ ಹಿಡಿದವರಿಗೆ ಎಷ್ಟೋ ಸಲ ಸ್ಕ್ರೂ ಡ್ರೈವರ್ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲೇ ಕೆಲಸ ಮುಗಿಯುತ್ತದೆ.

ಮನೆಯ ಫ್ರಿಜ್ಜಿಗೂ ಇದಕ್ಕೂ ಬಾಗಿಲೊಂದು ಬಿಟ್ಟರೆ ಹೋಲಿಕೆ ಕಡಿಮೆ. ಇದರಲ್ಲಿ ಕಂಪ್ರೆಸರ್ ಇಲ್ಲ, ಮೋಟರ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ಆದ್ದರಿಂದ ಸದ್ದೂ ಇಲ್ಲ. ಹೋಟೆಲ್ ಕೋಣೆಗಳಲ್ಲಿ ಗುಯ್‌ಗುಡದೆ ಕೂತಿರುವ ಮಿನಿಬಾರುಗಳಲ್ಲಿ ಹಲವು ಇದೇ ಜಾತಿಯವು. ಹಿಂಬದಿಯಲ್ಲಿ ಕಬ್ಬಿಣದ ಕೊಳವೆಗಳ ಸುತ್ತು, ಅದರೊಳಗೆ ಬೆಸುಗೆ ಹಾಕಿ ಮುಚ್ಚಿದ ಅಮೋನಿಯ, ನೀರು ಮತ್ತು ಹೈಡ್ರೋಜನ್. ಕೆಳಗೆ ಬೆರಳುದ್ದದ ಗ್ಯಾಸ್ ಜ್ವಾಲೆ, ಕರೆಂಟ್ ಸಿಕ್ಕಲ್ಲಿ ಅದರ ಬದಲು ಕಾವು ಕೊಡಲು ಒಂದು ಕಾಯಿಲ್. ಜ್ವಾಲೆಯ ಕಾವಿಗೆ ನೀರಿನಲ್ಲಿ ಕರಗಿದ್ದ ಅಮೋನಿಯ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಆ ಗುಳ್ಳೆಗಳೇ ಸಣ್ಣ ಕೊಳವೆಯಲ್ಲಿ ದ್ರವವನ್ನು ಮೇಲಕ್ಕೆ ತಳ್ಳುವುದರಿಂದ ಬೇರೆ ಪಂಪ್ ಬೇಕಿಲ್ಲ. ಅಮೋನಿಯದ ಆವಿ ಮೇಲೆ ಹೋಗಿ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ, ಅಲ್ಲಿಂದ ಇಳಿದು ಹೈಡ್ರೋಜನ್ ತುಂಬಿದ ಕೊಳವೆಗೆ ಬರುತ್ತದೆ. ಅಲ್ಲಿನ ಒತ್ತಡದ ಬಹುಪಾಲನ್ನು ಹೈಡ್ರೋಜನ್ನೇ ಹೊತ್ತಿರುವುದರಿಂದ ಅಮೋನಿಯ ತೀರಾ ತಣ್ಣಗಿದ್ದಾಗಲೂ ಆವಿಯಾಗಬಲ್ಲದು. ಆವಿಯಾಗಲು ಬೇಕಾದ ಶಾಖವನ್ನು ಅದು ಫ್ರಿಜ್ಜಿನೊಳಗಿಂದ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಮೈ ಬೆವರಿ ಒಳಗಿನ ನೀರು ತಣ್ಣಗಾಗುವಂಥದೇ ವಿದ್ಯೆ. ಕೊನೆಗೆ ಅಮೋನಿಯವನ್ನು ನೀರು ಮತ್ತೆ ಹೀರಿಕೊಳ್ಳುತ್ತದೆ, ಹೈಡ್ರೋಜನ್ ಬಿಡುಗಡೆಯಾಗಿ ಮೇಲೇರುತ್ತದೆ, ಚಕ್ರ ಮತ್ತೆ ಶುರು.

ಈ ಏರ್ಪಾಡನ್ನು 1922ರಲ್ಲಿ ರೂಪಿಸಿದವರು ಸ್ಟಾಕ್‌ಹೋಮಿನ ತಾಂತ್ರಿಕ ಮಹಾವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ಕೊಂಡು 1925ರಿಂದ ಮನೆಮನೆಗೆ ಮುಟ್ಟಿಸಿತು. ಐನ್‌ಸ್ಟೈನ್ ಕೂಡ ಲಿಯೋ ಸಿಲಾರ್ಡ್ ಜೊತೆಗೂಡಿ ಕಂಪ್ರೆಸರ್ ಇಲ್ಲದ ಫ್ರಿಜ್ಜಿಗೆ ತಲೆ ಕೆಡಿಸಿಕೊಂಡು 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಮಾರುಕಟ್ಟೆಯಲ್ಲಿ ನಿಂತದ್ದು ಮಾತ್ರ ಆ ಸ್ವೀಡನ್ ಹುಡುಗರದ್ದೇ. ವಿದ್ಯುತ್ತಿಲ್ಲದ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಕಾಪಾಡಿದ ಸೀಮೆಎಣ್ಣೆ ಫ್ರಿಜ್ಜುಗಳೂ ಇದೇ ಮನೆತನದವು.

ಗುಳ್ಳೆ ಏರಬೇಕು, ದ್ರವ ಇಳಿಯಬೇಕು. ಎಲ್ಲವೂ ಗುರುತ್ವದ ಮೇಲೆಯೇ ನಡೆಯುವುದರಿಂದ ಗಾಡಿ ವಾಲಿ ನಿಂತರೆ ಫ್ರಿಜ್ಜಿನ ಕಥೆ ಮುಗಿದಂತೆ. ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿ ದಾಟಬಾರದೆಂದು ಸಾಮಾನ್ಯವಾಗಿ ಕೈಪಿಡಿಗಳು ಹೇಳುತ್ತವೆ. ಓಡುವಾಗ ಕುಲುಕಾಟಕ್ಕೆ ದ್ರವ ಹೇಗೋ ಹರಿದಾಡುತ್ತಿರುತ್ತದೆ, ಅಪಾಯ ನಿಂತಾಗಲೇ. ಓರೆಯಾಗಿ ನಿಲ್ಲಿಸಿ ಗಂಟೆಗಟ್ಟಲೆ ಉರಿಸಿದರೆ ದ್ರವ ಒಂದು ಮೂಲೆಯಲ್ಲಿ ತಂಗುತ್ತದೆ, ಜ್ವಾಲೆಯ ಮೇಲಿನ ಬಾಯ್ಲರ್ ಒಣಗಿ ಕಾಯುತ್ತದೆ, ತುಕ್ಕು ಹಿಡಿಯದಿರಲೆಂದು ಬೆರೆಸಿದ ಸೋಡಿಯಂ ಕ್ರೋಮೇಟ್ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಆ ಕಟ್ಟು ಮತ್ತೆ ಬಿಡಿಸಲಾಗದು. ಹಾಗಾಗಿ ಕ್ಯಾಂಪ್‌ಗ್ರೌಂಡಿಗೆ ಬಂದ ಕೂಡಲೇ ಚಹಾಕ್ಕೆ ನೀರಿಡುವ ಮೊದಲು ಮಾಡಬೇಕಾದ ಕೆಲಸ, ಗಾರೆಯವರ ರಸಮಟ್ಟದಂಥದೊಂದನ್ನು ಫ್ರೀಜರಿನ ತಳದಲ್ಲಿಟ್ಟು ನೋಡಿ, ಬೇಕಾದ ಚಕ್ರದಡಿ ಹಲಗೆ ಕೊಡುವುದು.

ಹೋದ ಬೇಸಿಗೆಗಳಲ್ಲೊಂದರ ಮಾತು. ಬ್ಯಾಡ್‌ಲ್ಯಾಂಡ್ಸ್ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ ಇಳಿದಿದ್ದೆವು. ಮನೆಯಂಗಳದಲ್ಲಿ ಕರೆಂಟಿಗೆ ಸಿಕ್ಕಿಸಿದ್ದಾಗ ಚೆನ್ನಾಗಿಯೇ ತಣ್ಣಗಾಗಿದ್ದ ಫ್ರಿಜ್ಜು ದಾರಿಯಲ್ಲಿ ಗ್ಯಾಸಿಗೆ ತಿರುಗಿಸಿದ ಮೇಲೆ ಮುನಿಸಿಕೊಂಡಿತ್ತು. ಪ್ಯಾನೆಲ್ಲಿನಲ್ಲಿ ‘ಚೆಕ್’ ಎಂಬ ದೀಪ. ‘ಏನ್ರೀ, ಮೊಸರು ಆಗಲೇ ಹುಳಿ ವಾಸನೆ ಬರ್ತಿದೆ’ ಎಂದಳು ಹೆಂಡತಿ. 5,500 ಅಡಿಗಿಂತ ಮೇಲೆ ಹೋದರೆ ಗಾಳಿ ತೆಳುವಾಗಿ ಜ್ವಾಲೆ ಆರುವುದುಂಟು, ಅಲ್ಲಿ ಕರೆಂಟಿನಲ್ಲಿ ನಡೆಸಿ ಎಂದು ತಯಾರಕರೇ ಹೇಳುತ್ತಾರೆ. ಯೆಲ್ಲೋಸ್ಟೋನ್ ಸರೋವರ 7,700 ಅಡಿಗೂ ಮೇಲಿದೆ, ಅಲ್ಲಾದರೆ ಆ ಮಾತು ಒಪ್ಪಬಹುದಿತ್ತು. ನಾವಿದ್ದದ್ದು ಮೂರು ಸಾವಿರ ಅಡಿಗೂ ಕೆಳಗೆ.

ಜೊತೆಗೆ ಮಾವ ಇದ್ದರು. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಇಂಥ ಫ್ರಿಜ್ಜನ್ನು ಅವರೂ ಕಂಡಿರಲಿಲ್ಲ. ‘ಕೆಟ್ಟಿದ್ದು ಆಮೇಲೆ ನೋಡೋಣ ಅಳಿಯಂದ್ರೇ. ಯಾವುದು ಸರಿಯಿದೆ, ಅದು ಹೇಳಿ ಮೊದಲು’ ಎಂದರು.

ಆ ಒಂದು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯಿತು. ಕರೆಂಟಿನಲ್ಲಿ ತಣ್ಣಗಾಗಿತ್ತು ಎಂದರೆ ಕೊಳವೆಗಳ ಸುತ್ತು ಜೀವಂತವಾಗಿದೆ ಎಂದರ್ಥ. ಬಾಯ್ಲರಿಗೆ ಕಾವು ಕಾಯಿಲ್‌ನಿಂದ ಬಂದರೇನು, ಜ್ವಾಲೆಯಿಂದ ಬಂದರೇನು, ಅಮೋನಿಯಕ್ಕೆ ಭೇದವಿಲ್ಲ. ಎರಡರಲ್ಲೂ ತಣ್ಣಗಾಗದಿದ್ದರೆ ಮಾತ್ರ ಆ ಸುತ್ತಿನ ಮೇಲೋ, ಹಿಂಬದಿಯ ಗಾಳಿಯಾಟದ ಮೇಲೋ ಅನುಮಾನ ಪಡಬೇಕು. ಚಾವಣಿಯ ಕಿಂಡಿಯಲ್ಲಿ ಹಕ್ಕಿ ಗೂಡು ಕಟ್ಟಿದರೂ ಸಾಕು, ಬಿಸಿಗಾಳಿ ಮೇಲೆ ಹೋಗದೆ ಫ್ರಿಜ್ಜು ಸೋಲುತ್ತದೆ.

ಆಮೇಲೆ ಗ್ಯಾಸು. ಒಲೆ ಹಚ್ಚಿದೆವು, ಜ್ವಾಲೆ ನೀಲಿಯಾಗಿ ನಿಂತಿತು. ಅಂದರೆ ಸಿಲಿಂಡರಿನಲ್ಲಿ ಪ್ರೊಪೇನ್ ಇದೆ, ರೆಗ್ಯುಲೇಟರ್ ಬಿಡುತ್ತಿದೆ. ಹೊಸ ಸಿಲಿಂಡರ್ ಹಾಕಿದಾಗ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯೂ ಒಲೆ ಹಚ್ಚಿದರೆ ಹೊರಟುಹೋಗುತ್ತದೆ. ಸಿಲಿಂಡರಿನ ಕವಾಟವನ್ನು ಸರಕ್ಕನೆ ತಿರುಗಿಸಿದರೆ ಒಳಗಿನ ರಕ್ಷಣಾ ವಾಲ್ವು ‘ಲೀಕಾಗುತ್ತಿದೆ’ ಎಂದು ಭಾವಿಸಿ ಗ್ಯಾಸನ್ನು ತಡೆದುಬಿಡುವುದೂ ಉಂಟು, ಮುಚ್ಚಿ ಮೆಲ್ಲಗೆ ತೆರೆದರೆ ಸರಿಹೋಗುತ್ತದೆ. ಮೂರನೆಯದು ಬ್ಯಾಟರಿ. ಗ್ಯಾಸಿನಲ್ಲಿ ಓಡುವಾಗಲೂ ವಾಲ್ವು ತೆರೆಯಲು, ಕಿಡಿ ಹಾರಿಸಲು 12 ವೋಲ್ಟ್ ಬೇಕು. ಬ್ಯಾಟರಿ ಇಳಿದಿದ್ದರೆ ಗ್ಯಾಸು ತುಂಬಿದ್ದೂ ಪ್ರಯೋಜನವಿಲ್ಲ. ನಮ್ಮದರಲ್ಲಿ ದೀಪಗಳೆಲ್ಲ ಝಗಝಗ ಉರಿಯುತ್ತಿದ್ದವು.

ಉಳಿದದ್ದು ಬರ್ನರ್ ಒಂದೇ. ಗಾಡಿಯ ಹೊರಮೈಯಲ್ಲಿ ಫ್ರಿಜ್ಜಿನ ಹಿಂದಕ್ಕೆ ಸೀಳುಸೀಳಾದ ಮುಚ್ಚಳವಿರುತ್ತದೆ. ಕ್ವಾರ್ಟರ್ ನಾಣ್ಯದಲ್ಲಿ ಅದರ ಗುಬ್ಬಿ ತಿರುಗಿಸಿ ತೆಗೆದೆ. ಒಳಗೆ ದೂಳು, ಸತ್ತ ನೊಣ, ಬೆರಳಿಗಂಟುವ ಕೆಂಪು ತುಕ್ಕಿನ ಪುಡಿ. ಒಳಗಿದ್ದವರಿಗೆ ಸ್ವಿಚ್ ಹಾಕಲು ಹೇಳಿ ಕಿವಿಗೊಟ್ಟೆವು. ಟಿಕ್ ಟಿಕ್ ಟಿಕ್ ಎಂದು ಕಿಡಿಯ ಸದ್ದು, ಒಮ್ಮೆ ಫುಸ್ಸೆಂದು ಹಳದಿ ನಾಲಿಗೆಯೊಂದು ಎದ್ದು ಆರಿತು. ‘ಗ್ಯಾಸು ಬರ್ತಿದೆ, ಕಿಡಿ ಬರ್ತಿದೆ, ಗಾಳಿ ಬರ್ತಿಲ್ಲ’ ಎಂದರು ಮಾವ. ಗ್ಯಾಸು ಬಂದ್ ಮಾಡಿ, ಆರಲು ಬಿಟ್ಟು, ಒಂದೆರಡು ಸ್ಕ್ರೂ ಬಿಚ್ಚಿ ಬರ್ನರ್ ಕೊಳವೆ ಹೊರತೆಗೆದರೆ ಗಾಳಿ ಸೇರುವ ಬಾಯಲ್ಲೇ ಜೇಡ ಅಚ್ಚುಕಟ್ಟಾಗಿ ಬಲೆ ಹೆಣೆದಿತ್ತು. ಸೋರಿದ್ದು ತಿಳಿಯಲೆಂದು ಪ್ರೊಪೇನಿಗೆ ಬೆರೆಸುವ ಮರ್ಕ್ಯಾಪ್ಟನ್ ವಾಸನೆಗೆ ಜೇಡಗಳು ಮರುಳಾಗುತ್ತವೆ ಎಂದು ಈ ಕೆಲಸದ ಮೆಕ್ಯಾನಿಕ್ಕುಗಳು ಹೇಳುತ್ತಾರೆ.

ಗ್ಯಾಸು ಚಿಮ್ಮುವ ಹಿತ್ತಾಳೆಯ ಜೆಟ್ ನೋಡಿದ ಕೂಡಲೇ ಮಾವನ ಕೈ ತಾನಾಗಿ ಚಾಚಿತು. ‘ಒಂದು ಪಿನ್ ಕೊಡೇ’. ಅತ್ತೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿಯೇ ಬಿಟ್ಟರು. ಪಂಪ್ ಸ್ಟೌವಿನ ಕಾಲದವರಿಗೆ ನಿಪ್ಪಲ್ ಕಟ್ಟಿದರೆ ಪಿನ್ ಚುಚ್ಚುವುದು ಉಸಿರಾಡಿದಷ್ಟೇ ಸಹಜ. ಇಲ್ಲಿ ಮಾತ್ರ ಅದು ಕೂಡದೆಂದು ಕೈಪಿಡಿ ದಪ್ಪಕ್ಷರದಲ್ಲಿ ಹೇಳುತ್ತದೆ. ಓದಿ ಹೇಳಿದೆ. ಮಾವ ಜೆಟ್ಟನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ, ‘ಹೌದು, ಇದು ಅಳತೆಯ ತೂತು. ಕೂದಲೆಳೆ ದೊಡ್ಡದಾದರೂ ಗ್ಯಾಸು ಹೆಚ್ಚು ಬಂದು ಮಸಿ ಕಟ್ಟುತ್ತೆ’ ಎಂದು ಪಿನ್ನನ್ನು ವಾಪಸ್ ಕೊಟ್ಟರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿದ್ದ ಆಲ್ಕೋಹಾಲಿನಲ್ಲಿ ಜೆಟ್ಟನ್ನು ನೆನೆಹಾಕಿ, ಪೂರಾ ಆರಲು ಬಿಟ್ಟೆವು. ಬರ್ನರಿನ ಸೀಳುಗಳನ್ನು ಬ್ರಶ್ಶಿನಲ್ಲಿ ಉಜ್ಜಿದ್ದಾಯಿತು. ಮೇಲಿನ ಹೊಗೆ ಕೊಳವೆ ತಟ್ಟಿದರೆ ಹಿಡಿ ತುಕ್ಕು ಉದುರಿತು. ಬಿಚ್ಚಿದ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹಚ್ಚಿದ್ದು. ಈ ಸಲ ಜ್ವಾಲೆ ನೀಲಿಯಾಗಿ, ಸಣ್ಣಗೆ ಭೋರಿಡುತ್ತಾ ನಿಂತಿತು.

ಹಾಗೆಂದು ಎಲ್ಲಕ್ಕೂ ನಾವೇ ಕೈಹಾಕಬೇಕೆಂದಲ್ಲ. ಗ್ಯಾಸಿನ ಒತ್ತಡ ಇರಬೇಕಾದ್ದು ನೀರಿನ 11 ಅಂಗುಲದಷ್ಟು, ಅದನ್ನು ಮಾನೋಮೀಟರಿನಲ್ಲಿ ಅಳೆದು ರೆಗ್ಯುಲೇಟರ್ ತಿದ್ದುವುದು ತರಬೇತಿ ಪಡೆದವರ ಕೆಲಸ. ಫ್ರಿಜ್ಜಿನ ಹಿಂದೆ ಹಳದಿ ಪುಡಿ ಕಂಡರೆ, ಮೂಗಿಗೆ ಅಮೋನಿಯ ಬಡಿದರೆ ಕೊಳವೆ ತೂತಾಗಿದೆ ಎಂದೇ ತಿಳಿಯಬೇಕು. ತಕ್ಷಣ ಆರಿಸಿ, ಮಕ್ಕಳು ಹಿರಿಯರೊಂದಿಗೆ ಹೊರಗೆ ಬನ್ನಿ. ಸೋರುವ ಹೈಡ್ರೋಜನ್ ಹತ್ತಿರ ಜ್ವಾಲೆ ಇರಕೂಡದು. ಬೆಂಕಿಯ ಅಪಾಯಕ್ಕಾಗಿ ಲಕ್ಷಾಂತರ ಇಂಥ ಫ್ರಿಜ್ಜುಗಳನ್ನು ಅಮೆರಿಕದಲ್ಲಿ ರೀಕಾಲ್ ಮಾಡಿದ್ದಿದೆ, ಹಳೆಯ ಗಾಡಿಯಾದರೆ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಕೊಟ್ಟು ವಿಚಾರಿಸುವುದು ಒಳ್ಳೆಯದು. ಪೆಟ್ರೋಲ್ ಬಂಕಿಗೆ ತಿರುಗುವ ಮೊದಲು ಫ್ರಿಜ್ಜಿನ ಜ್ವಾಲೆ ಆರಿಸಲೇಬೇಕು ಎಂಬುದನ್ನು ನಮ್ಮವರು ಆಗಾಗ ಮರೆಯುತ್ತಾರೆ.

ಇನ್ನು ತಾಳ್ಮೆ. ಈ ಫ್ರಿಜ್ಜಿಗೆ ಅವಸರ ಗೊತ್ತಿಲ್ಲ, ಪೂರ್ತಿ ತಣ್ಣಗಾಗಲು ಒಂದು ಹಗಲು ಒಂದು ರಾತ್ರಿ ಬೇಕು. ಹೊರಡುವ ಹಿಂದಿನ ದಿನವೇ ಹಚ್ಚಿಡಿ, ಒಳಗಿಡುವ ಪಾತ್ರೆಗಳನ್ನು ಮನೆಯ ಫ್ರಿಜ್ಜಿನಲ್ಲಿ ಮೊದಲೇ ತಣ್ಣಗೆ ಮಾಡಿಕೊಳ್ಳಿ, ಗಾಳಿ ಆಡದಂತೆ ಡಬ್ಬಿ ತುರುಕಬೇಡಿ. ಬಿಸಿ ಹುಳಿಯ ಪಾತ್ರೆ ಒಳಗಿಟ್ಟು, ‘ಫ್ರಿಜ್ ಸರಿಯಿಲ್ಲ’ ಎಂದು ಬೈದರೆ ಅದು ಫ್ರಿಜ್ಜಿನ ತಪ್ಪಲ್ಲ.

ಹೊಸ ಗಾಡಿಗಳಲ್ಲಿ ಈಗ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು, ಲಿಥಿಯಂ ಬ್ಯಾಟರಿ, ಚಾವಣಿಯ ಸೋಲಾರ್ ಹಲಗೆ ಬರುತ್ತಿವೆ. ಗಾಡಿ ಸ್ವಲ್ಪ ಓರೆಯಾದರೂ ಅವುಗಳಿಗೆ ಚಿಂತೆಯಿಲ್ಲ, ಬೇಗನೆ ತಣ್ಣಗಾಗುತ್ತವೆ. ಒಳ್ಳೆಯದೇ. ಆದರೆ ಹೊಸದು ಬಂದಷ್ಟೂ ಗ್ಯಾಸ್ ಫ್ರಿಜ್ಜಿನ ಹಳೆಯ ಗಾಡಿಗಳು ಅಗ್ಗದ ಬೆಲೆಗೆ ಕೈಬದಲಾಗುತ್ತವೆ, ಕೊಳ್ಳುವವರು ನಮ್ಮ ಕೂಟದ ಕಿರಿಯ ದಂಪತಿಗಳೇ ಆಗಿರುತ್ತಾರೆ. ಅವರಿಗೊಂದು ಮಾತು. ಮಾರುವವರು ಪ್ಯಾನೆಲ್ಲಿನ ಹಸಿರು ದೀಪ ತೋರಿಸಿ ‘ನೋಡಿ, ಓಡ್ತಿದೆ’ ಎಂದರೆ ತಲೆಯಾಡಿಸಬೇಡಿ. ಹಿಂದಿನ ದಿನದಿಂದಲೇ ಗ್ಯಾಸಿನಲ್ಲಿ ಹಚ್ಚಿಟ್ಟಿರಲು ಹೇಳಿ, ಒಂದು ಥರ್ಮಾಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಒಳಗೆ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದು, ಹಿಂದಿನ ಮುಚ್ಚಳ ತೆಗೆದಾಗ ಜ್ವಾಲೆ ನೀಲಿಯಾಗಿ ಕಂಡರೆ ಬೆಲೆಯ ಮಾತು ಶುರುಮಾಡಿ.