ನಂಬಿ ಇಟ್ಟ ಒಡವೆ

ಶೂದ್ರಕನ ‘ಮೃಚ್ಛಕಟಿಕ’ ನಾಟಕವನ್ನು 1930ರ ಸುಮಾರಿನಲ್ಲಿ ಮೋಹನ್ ಭವನಾನಿಯವರು ‘ವಸಂತಸೇನಾ’ ಎಂಬ ಮೂಕಿಚಿತ್ರವಾಗಿ ತೆಗೆದರು. ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ. ಪಿ. ಕೈಲಾಸಂ ಅವರೂ ಅದರಲ್ಲಿ ಅಭಿನಯಿಸಿದ್ದರು. ಇಂದು ಆ ಚಿತ್ರವಿಲ್ಲ. ಈ ನಷ್ಟಕ್ಕೆ ಹೊಣೆ ಯಾರು?

ಕಾಲವೇ ಹೊಣೆ ಎಂದುಬಿಡುವುದು ಸುಲಭ. ಅಂದಿನ ನೈಟ್ರೇಟ್ ಫಿಲ್ಮು ಇಟ್ಟಲ್ಲೇ ಶಿಥಿಲವಾಗುವಂಥದು, ಬೆಂಕಿಗೆ ಬೇಗ ತುತ್ತಾಗುವಂಥದು. ಅದರಲ್ಲಿನ ಬೆಳ್ಳಿಯ ಆಸೆಗೆ ಹಳೆಯ ರೀಲುಗಳನ್ನು ಮಾರಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ ನಮ್ಮ ಮೂಕಿಚಿತ್ರಗಳ ಬಹುಪಾಲು ಅಳಿದುಹೋಗಿತ್ತು.

ಆದರೆ ಆ ನಾಟಕವೇ ಬೇರೆ ಮಾತು ಹೇಳುತ್ತದೆ. ವಸಂತಸೇನೆ ನಂಬಿ ಇಟ್ಟಿದ್ದ ಒಡವೆಗಳನ್ನು ಕಳ್ಳನು ಕನ್ನ ಕೊರೆದು ಒಯ್ದನು. ಚಾರುದತ್ತನು ಅವನ್ನು ಬಯಸಿದವನಲ್ಲ, ಮುಟ್ಟಿದವನೂ ಅಲ್ಲ. ಆದರೂ ಆ ಬಡವ ಹೆಂಡತಿ ಕೊಟ್ಟ ಮುತ್ತಿನ ಹಾರವನ್ನು ಬದಲಿಗೆ ಕಳುಹಿಸಿದನು. ತಪ್ಪು ಬೇರೆ, ಹೊಣೆ ಬೇರೆ ಎಂಬುದನ್ನು ಅವನು ಬಲ್ಲ.

ರಂಗದ ಮೇಲಿನ ಆಟ ಆ ರಾತ್ರಿಗೇ ಮುಗಿಯುತ್ತದೆ. ಉಳಿಯುತ್ತೇನೆಂದು ಅದು ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಚಿತ್ರ ಹಾಗಲ್ಲ, ಅದು ಮುಂದಿನವರಿಗಾಗಿ ನಮ್ಮಲ್ಲಿ ಇಟ್ಟ ಒಡವೆ. ಕೈಲಾಸಂ ಅವರ ಆ ಅಭಿನಯಕ್ಕೆ ಬದಲಾಗಿ ಕೊಡಬಲ್ಲ ಮುತ್ತಿನ ಹಾರ ನಮ್ಮಲ್ಲಿಲ್ಲ. ಈ ಋಣಕ್ಕೆ ಉಳಿದ ದಾರಿ ಒಂದೇ ಎಂದು ನನಗೆ ತೋರುತ್ತದೆ: ಇನ್ನೂ ಅಳಿಯದೆ ಇರುವುದನ್ನು, ಅದು ನಮಗೆ ಹಿಡಿಸಲಿ ಬಿಡಲಿ, ಕಾಪಾಡುವುದು. ಒಡವೆಗೆ ಬೆಲೆ ಕಟ್ಟುವುದು ಅದರ ಒಡೆಯರ ಕೆಲಸ, ಕಾವಲಿನವನದಲ್ಲ.